ಬಟ್ಟೆಯ ಬುಷ್ಷಿಗೆ ನೀರಿನ ಧಾರೆ

ಬಸ್ಸಿನ ಟಯರು ಒಡೆಯಬಹುದಿತ್ತು. ಒಡೆಯದಿದ್ದರೆ ನಾನೇ ಚೀಲವನ್ನು ಬಸ್ಸಿನಲ್ಲಿ ಮರೆತು ಬರಿಗೈಯಲ್ಲಿ ಸೊರಬದಲ್ಲಿ ಇಳಿಯಬಹುದಿತ್ತು. ಚೀಲ ತಂದರೂ ಒಳಗಿನ ಬುಷ್ಷು ಶಾಫ್ಟಿಗೆ ದೊಡ್ಡದಾಗಬಹುದಿತ್ತು, ಇಲ್ಲವೆ ಚಿಕ್ಕದಾಗಬಹುದಿತ್ತು. ನನ್ನ ಅಳತೆಯ ಮೇಲೆ ನನಗೆ ಎಂದೂ ಭರವಸೆ ಇದ್ದದ್ದಿಲ್ಲ. ಸರಿಯಾಗಿ ಕೂತರೂ ಎಂಜಿನ್ನು ಶುರುವಾದ ಹತ್ತನೇ ನಿಮಿಷಕ್ಕೆ ಅದರ ಪದರಗಳು ಈರುಳ್ಳಿಯಂತೆ ಬಿಚ್ಚಿಕೊಳ್ಳಬಹುದಿತ್ತು. ಕಾದು ಹೊಗೆ ಏಳಬಹುದಿತ್ತು. ಹೊಗೆಯ ಹಿಂದೆ ಕಿಡಿ ಬಂದು, ಕಿಡಿ ಹೊಟ್ಟಿನ ರಾಶಿಗೆ ಬಿದ್ದು, ಅಲ್ಲಿಂದ ಮುಂದಿನದನ್ನು ಬರೆಯಲು ಪೆನ್ಸಿಲಿಗೇ ಧೈರ್ಯ ಬಂದಿರಲಿಲ್ಲ. ನೀರಿಗೆ ಶಾಫ್ಟು ತುಕ್ಕು ಹಿಡಿಯಬಹುದಿತ್ತು. ಬೆಲ್ಟು ನೆನೆದು ಜಾರಿ ಯಾರ ಮೇಲಾದರೂ ಬೀಳಬಹುದಿತ್ತು. ಅಕ್ಕಿಗೆ ಆಸ್ಪತ್ರೆಯ ವಾಸನೆ ಹತ್ತಬಹುದಿತ್ತು, ಏಕೆಂದರೆ ನಾವು ಬಳಸುತ್ತಿದ್ದ ರಾಳಕ್ಕೂ ಆಸ್ಪತ್ರೆಯ ನೆಲ ಒರೆಸುವ ಔಷಧಿಗೂ ಒಂದೇ ವಾಸನೆ. ನನಗೇ ಆ ದಿನ ಜ್ವರ ಬರಬಹುದಿತ್ತು. ನಿಜ ಹೇಳಬೇಕೆಂದರೆ, ಬಂದರೆ ಒಳ್ಳೆಯದಿತ್ತು ಎಂದು ಒಂದೆರಡು ಸಲ ಅನ್ನಿಸಿತ್ತು.

ಇವನ್ನೆಲ್ಲ ಈಗ ಕೂತು ಕಲ್ಪಿಸುತ್ತಿಲ್ಲ. ಆಗ ನನ್ನ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಆಗಬಹುದಾದ ಕೆಡುಕುಗಳನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದೆ. ಬರೆದಿಟ್ಟದ್ದು ಆಗುವುದಿಲ್ಲ ಎಂಬ ನಂಬಿಕೆ ನನ್ನದು. ಇದಕ್ಕೆ ವಿಜ್ಞಾನದ ಆಧಾರವೇನೂ ಇಲ್ಲ, ಆದರೂ ನಾನು ಸಂಶೋಧನಾ ಎಂಜಿನಿಯರು. ನನ್ನ ಹೆಂಡತಿ ಆ ಪುಸ್ತಕವನ್ನು ಕಂಡಾಗಲೆಲ್ಲ, "ಚಿಂತೆ ಮಾಡೋದಕ್ಕೂ ಸಂಬಳ ಅಂತ ಇದ್ದಿದ್ರೆ ನಾವು ಇಷ್ಟೊತ್ತಿಗೆ ಮೋಟಾರಿನಲ್ಲಿ ಓಡಾಡ್ತಿದ್ವಿ" ಎನ್ನುತ್ತಿದ್ದಳು. ಈಗ ನನಗೆ ಐವತ್ತು ದಾಟಿದೆ. ಪುಸ್ತಕದ ಗಾತ್ರ ಮಾತ್ರ ದೊಡ್ಡದಾಗಿದೆ.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಶಿಕಾರಿಪುರದಲ್ಲಿ ತಗಡಿನ ಮಾಡಿನ ಒಂದು ಷೆಡ್ಡಿನಲ್ಲಿ ನಮ್ಮ ಕಾರ್ಖಾನೆ. ಬೇಕಲೈಟಿನ ಸ್ವಿಚ್ಚು, ಕುಕ್ಕರಿನ ಹಿಡಿ, ರೇಡಿಯೋ ತಿರುಗಣಿ, ಇಂಥವನ್ನು ಅಚ್ಚಿನಲ್ಲಿ ಒತ್ತಿ ತೆಗೆಯುವುದು ಅಲ್ಲಿನ ಕೆಲಸ. ಪಾಲಿಮರ್ ಎಂಬ ಮಾತು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದವರಿಗೆ ನನ್ನ ಮಾವನವರು "ಕರೇ ಗುಂಡಿ ಮಾಡ್ತಾರೆ" ಎಂದು ಚುಟುಕಾಗಿ ಮುಗಿಸುತ್ತಿದ್ದರು. ಷೆಡ್ಡಿನ ಹಿಂದಿನ ಮೂಲೆಯಲ್ಲಿ ಒಂದು ಮೇಜು, ಒಂದು ವಿದ್ಯುತ್ ಒಲೆ, ಕೈಯಿಂದ ತಿರುಗಿಸುವ ಒಂದು ಒತ್ತುಯಂತ್ರ. ಅದೇ ಸಂಶೋಧನಾ ವಿಭಾಗ. ವಿಭಾಗದಲ್ಲಿ ಇಬ್ಬರು: ನಾನು ಮತ್ತು ಮೇಸ್ತ್ರಿ.

ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕಮ್ಮಾರಿಕೆಯ ಮನೆತನದವರು. ಕಬ್ಬಿಣ ಬಿಟ್ಟು ಬಟ್ಟೆಗೆ ರಾಳ ಮೆತ್ತುವ ಕೆಲಸಕ್ಕೆ ಬಂದದ್ದರ ಬಗ್ಗೆ ಅವರಿಗೆ ಸ್ವಲ್ಪ ನಾಚಿಕೆ ಇತ್ತು. ಹೊಸ ತುಣುಕು ಅಚ್ಚಿನಿಂದ ಹೊರಬಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಾರಿಸುತ್ತಿದ್ದರು, ಸಂತೆಯಲ್ಲಿ ತೆಂಗಿನಕಾಯಿ ನೋಡುವ ಹಾಗೆ. ಟಣ್ ಎಂದರೆ ಮೇಜಿನ ಮೇಲೆ ಇಡುತ್ತಿದ್ದರು. ದಬ್ ಎಂದರೆ ಬಾಗಿಲಿನಿಂದಾಚೆಗೆ ಎಸೆಯುತ್ತಿದ್ದರು. ನಾನು ಮಾಪಕ ಹಿಡಿದು ಅರ್ಧ ಗಂಟೆ ಪರೀಕ್ಷಿಸಿ ಕೊಡುತ್ತಿದ್ದ ತೀರ್ಪೂ ಸಾಮಾನ್ಯವಾಗಿ ಅದೇ ಆಗಿರುತ್ತಿತ್ತು.

ಸೊರಬದ ಅಕ್ಕಿ ಮಿಲ್ಲಿನ ಯಜಮಾನತಿ ನಮ್ಮ ಷೆಡ್ಡಿಗೆ ಬಂದದ್ದು ಸುಗ್ಗಿಗೆ ಇನ್ನು ಎರಡು ತಿಂಗಳಿದೆ ಎನ್ನುವಾಗ. ಊರೆಲ್ಲ ಅವರನ್ನು ಮಿಲ್ಲಿನಕ್ಕ ಎನ್ನುತ್ತಿತ್ತು; ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು, ವಯಸ್ಸಾದ ಅತ್ತೆ. ಮಿಲ್ಲನ್ನು ತಾವೇ ನಡೆಸುತ್ತಿದ್ದರು. ಒಂದು ಹಿತ್ತಾಳೆಯ ಬುಷ್ಷನ್ನು ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದರು. ಬುಷ್ಷೆಂದರೆ ತಿರುಗುವ ಶಾಫ್ಟು ಕೂರುವ ಬಳೆ, ಎರಡು ಹೋಳಿನದು. ಅದು ಸವೆದು ಅಂಡಾಕಾರವಾಗಿತ್ತು.

"ನೋಡಿ, ಇದು ಭತ್ತ ಸುಲಿಯೋ ಹಲ್ಲರಿನ ತಲೆ ಮೇಲೇ ಇರದು. ಎಷ್ಟು ಎಣ್ಣೆ ಹಾಕಿದ್ರೂ ಸಾಕಾಗಲ್ಲ. ಹಾಕಿದ್ದೆಲ್ಲ ಸಿಡಿದು ಕೆಳಗೆ ಅಕ್ಕಿಗೆ ಬೀಳ್ತದೆ" ಎಂದರು. "ಹೋದ ಸಲ ಕುಪ್ಪಗಡ್ಡೆ ಗೌಡ್ರ ಮನೇಲಿ ಹಬ್ಬದ ಕಡುಬಿನಲ್ಲಿ ಕರೀ ಚುಕ್ಕಿ ಕಂಡ್ವಂತೆ. ಅವ್ರು ಸುಮ್ನಿರ್ತಾರಾ? ಈಗ ನಮ್ಮ ಮಿಲ್ಲಿಗೆ ಎಣ್ಣೆ ಮಿಲ್ಲು ಅಂತ್ಲೇ ಹೆಸರು. ಗಾಡಿಗಳೆಲ್ಲ ನಮ್ಮ ಬಾಗ್ಲು ದಾಟಿ ಬೇರೆ ಮಿಲ್ಲಿಗೆ ಹೋಗ್ತವೆ. ನಾನು ಕಟ್ಟೆ ಮೇಲೆ ಕೂತು ಎಣಿಸ್ತೀನಿ."

"ಹೊಸ ಹಿತ್ತಾಳೆ ಬುಷ್ ಹಾಕಿಸ್ರಲ್ಲ" ಎಂದರು ಮೇಸ್ತ್ರಿ.

"ಎರಡು ಸಲ ಹಾಕಿಸಿ ಆಯ್ತು. ಎಣ್ಣೆ ಇಲ್ದೆ ತಿರುಗದು ಏನಾರ ಇದ್ರೆ ಹೇಳಿ. ಈ ಸುಗ್ಗಿಗೆ ಗಾಡಿ ವಾಪಸ್ ಬರ್ಲಿಲ್ಲ ಅಂದ್ರೆ ಎಂಜಿನ್ ಮಾರಿ ಬಾಗ್ಲು ಹಾಕ್ತೀನಿ. ಆಮೇಲೆ ನಾನೂ ಇಲ್ಲ, ನಿಮ್ಮ ಹತ್ರ ಬರದೂ ಇಲ್ಲ."

ಇಷ್ಟು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅದಕ್ಕೇ ಇರಬೇಕು, ಎಲ್ಲದಕ್ಕೂ "ನೋಡೋಣ" ಎನ್ನುವ ನಾನು ಅವತ್ತು "ಮಾಡಿಕೊಡ್ತೀನಿ" ಎಂದುಬಿಟ್ಟೆ. ಅವರು ಹೋದ ಮೇಲೆ ಮೇಸ್ತ್ರಿ ನನ್ನನ್ನು ಹಣೆಗೆ ಕೈಯಿಟ್ಟು ನೋಡುವಂತೆ ನೋಡಿದರು. "ಸರ, ಆರಾಮ ಅದೀರಲ್ಲ?"

ನನ್ನ ಮನಸ್ಸಿನಲ್ಲಿದ್ದದ್ದು ಬಟ್ಟೆಯ ಬುಷ್ಷು. ದಪ್ಪ ಬಟ್ಟೆಯನ್ನು ರಾಳದಲ್ಲಿ ಅದ್ದಿ, ಒಣಗಿಸಿ, ಸುತ್ತಿ, ಕಾಯಿಸಿ ಒತ್ತಿದರೆ ಕಲ್ಲಿನಂತಾಗುತ್ತದೆ. ಅದಕ್ಕೆ ಎಣ್ಣೆ ಬೇಡ. ತೊಟ್ಟು ತೊಟ್ಟು ನೀರು ಬಿದ್ದರೆ ಸಾಕು, ಶಾಫ್ಟು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ನೀರು ಅಕ್ಕಿಗೆ ಸಿಡಿದರೆ ಒಣಗಿಹೋಗುತ್ತದೆ. ಎಣ್ಣೆ ಸಿಡಿದರೆ ಕೂತುಬಿಡುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಹೀಗೆ ಮಾಡುತ್ತಾರೆಂದು ಓದಿದ್ದೆ. ಓದಿದ್ದೆ, ಅಷ್ಟೇ. ಮಾಡಿರಲಿಲ್ಲ.

ಬಟ್ಟೆಗೆ ಒರಟು ಖಾದಿ ತಂದೆವು. ಮೊದಲ ಬುಷ್ಷು ಅಚ್ಚಿನಿಂದ ಬಂತು, ಮೇಸ್ತ್ರಿ ಬಾರಿಸಿದರು, ದಬ್. ಎರಡನೆಯದೂ ದಬ್. ಗರಗಸ ಹಾಕಿ ಸೀಳಿ ನೋಡಿದರೆ ಪದರಕ್ಕೂ ಪದರಕ್ಕೂ ನಡುವೆ ರಾಳವೇ ಇಳಿದಿಲ್ಲ. ಹೊಸ ಬಟ್ಟೆಯಲ್ಲಿದ್ದ ಗಂಜಿ ಅದನ್ನು ಒಳಗೆ ಬಿಟ್ಟಿರಲಿಲ್ಲ. ಇದು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು. ತಿಳಿದ ಮೇಲೆ ಮಿಕ್ಕ ಖಾದಿಯನ್ನೆಲ್ಲ ನಮ್ಮ ಮಡಿವಾಳರಿಗೆ ಕೊಟ್ಟು, "ಚೆನ್ನಾಗಿ ಕುದಿಸಿ ಒಗೀರಿ, ಗಂಜಿ ಪೂರ್ತಿ ಹೋಗಬೇಕು" ಎಂದು ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳಲು ಅರ್ಧ ದಾರಿ ಅವರ ಹಿಂದೆಯೂ ಹೋಗಿದ್ದೆ.

ನಾಲ್ಕು ದಿನದ ಮೇಲೆ ಬಟ್ಟೆ ಬಂತು. ಬಾಳೆಲೆಯ ಹಾಗೆ ನೇರವಾಗಿ ಮಡಿಸಿತ್ತು. ಮುಟ್ಟಿದರೆ ಗರಿಗರಿ ಸದ್ದು.

"ಗಂಜಿ ತೆಗೀರಿ ಅಂದಿದ್ನಲ್ರೀ!"

"ತೆಗೆದೀನ್ರಿ. ಹಳೇ ಗಂಜಿ ಒಂದು ಚೂರೂ ಬಿಟ್ಟಿಲ್ಲ. ಆಮ್ಯಾಲ ಹೊಸಾದು ಹಾಕಿ, ನೀಲಿ ಹಾಕಿ, ಇಸ್ತ್ರಿ ಮಾಡೀನಿ." ಅವರು ನನ್ನ ಮುಖ ನೋಡಿದರು. "ಎಂಜಿನಿಯರ್ ಮನಿ ಬಟ್ಟಿ ಅಂತ ಸ್ವಲ್ಪ ಜಾಸ್ತೀನ ಹಾಕೀನ್ರಿ."

ಅಷ್ಟು ಪ್ರೀತಿಯಿಂದ ಮಾಡಿದ್ದರು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತು ಹೆಗಲು ಕುಣಿಸುತ್ತಿದ್ದರು. ಆ ಭಾನುವಾರ ನಾನೂ ನನ್ನ ಹೆಂಡತಿಯೂ ಹಿತ್ತಲಿನ ಹಂಡೆಯಲ್ಲಿ ಖಾದಿ ಕುದಿಸಿದೆವು. "ಮದುವೆಗೆ ಮುಂಚೆ ನಿಮ್ಮಪ್ಪ ಹೇಳಿದ್ರು, ಹುಡುಗ ಸಂಶೋಧನೆ ಮಾಡ್ತಾನೆ ಅಂತ" ಎಂದಳು ಅವಳು, ಕೋಲಿನಿಂದ ಬಟ್ಟೆ ತಿರುವುತ್ತ. ಗಂಜಿ ಹೋಯಿತು. ನೀಲಿ ಪೂರ್ತಿ ಹೋಗಲಿಲ್ಲ. ಹಾಗಾಗಿ ಮೂರನೆಯ ಬುಷ್ಷು ಕಂದು ಬಣ್ಣಕ್ಕೆ ಸ್ವಲ್ಪ ಮೋಡದ ನೆರಳು ಬಿದ್ದಂತೆ ಬಂತು. ಮೇಸ್ತ್ರಿ ಕಿವಿಗೆ ಹಿಡಿದು ಬಾರಿಸಿದರು. ಟಣ್. ಮತ್ತೊಮ್ಮೆ ಬಾರಿಸಿ ನನ್ನ ಕಿವಿಗೂ ಹಿಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಇಡಲಿಲ್ಲ, ತಮ್ಮ ಟವೆಲ್ಲಿನಲ್ಲಿ ಸುತ್ತಿಟ್ಟರು.

ಷೆಡ್ಡಿನಲ್ಲಿ ದಿನವಿಡೀ ಓಡಿಸಿ ನೋಡಿದೆವು. ಮೇಲಿನಿಂದ ನೀರು ತೊಟ್ಟಿಕ್ಕಿಸಿದೆವು, ಯಂತ್ರ ನಿಂತಾಗ ನೀರೂ ನಿಲ್ಲಿಸಿದೆವು. ಒಂದು ವಾರ ಹೀಗೆ. ಏನೂ ಆಗಲಿಲ್ಲ. ಏನೂ ಆಗದಿದ್ದುದೇ ನನಗೆ ಹೆಚ್ಚು ಗಾಬರಿ. ಆಗಬೇಕಾದದ್ದೆಲ್ಲ ಸೊರಬಕ್ಕೆ ಕಾದಿಟ್ಟುಕೊಂಡಿದೆ ಅನ್ನಿಸಿತು. ಪುಸ್ತಕದಲ್ಲಿ ಇನ್ನೆರಡು ಹಾಳೆ ತುಂಬಿದವು.

ಬಸ್ಸಿನ ಟಯರು ಒಡೆಯಲಿಲ್ಲ. ಚೀಲ ಮರೆಯಲಿಲ್ಲ, ಕೆಳಗಿಟ್ಟರೆ ತಾನೆ ಮರೆಯುವುದು, ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೆ. ಮಿಲ್ಲಿನಲ್ಲಿ ಬುಷ್ಷು ಶಾಫ್ಟಿಗೆ ಸರಿಯಾಗಿ ಕೂತಿತು, ನಡುವೆ ಕೂದಲೆಳೆಯಷ್ಟು ಸಡಿಲ ಬಿಟ್ಟು. ಅಷ್ಟೇ ಬೇಕಾದದ್ದು. ಆದರೆ ನೀರಿಗೆಂದು ನಾನು ಮಾಡಿ ತಂದಿದ್ದ ಸಣ್ಣ ನಲ್ಲಿಯಲ್ಲಿ ತೌಡಿನ ಧೂಳು ಸೇರಿ ಅರ್ಧ ಗಂಟೆಯಲ್ಲಿ ಕಟ್ಟಿಕೊಂಡಿತು. ನಾನು ಪುಸ್ತಕ ತೆಗೆಯುವುದರೊಳಗೆ ಮೇಸ್ತ್ರಿ ಅಡುಗೆಮನೆಯ ಕಡೆ ಹೋಗಿ ಒಂದು ಮಣ್ಣಿನ ಗಡಿಗೆ ಕೇಳಿ ತಂದಿದ್ದರು. ತಳಕ್ಕೆ ಮೊಳೆಯಿಂದ ತೂತು ಕೊರೆದು, ತೂತಿಗೆ ದರ್ಭೆಯ ಎಸಳು ತೂರಿಸಿ, ತೊಲೆಗೆ ಹಗ್ಗ ಕಟ್ಟಿ ಬುಷ್ಷಿನ ನೇರಕ್ಕೆ ತೂಗು ಹಾಕಿದರು. ತೊಟ್, ತೊಟ್. ಲೆಕ್ಕ ಹಾಕಿದಂತೆ ನೀರು ಬಿತ್ತು.

"ಈಶ್ವರನ ಗುಡ್ಯಾಗ ಲಿಂಗದ ಮ್ಯಾಲ ಕಟ್ತಾರಲ್ರಿ, ಹಂಗ" ಎಂದರು. "ಅಲ್ಲಿ ಎಷ್ಟು ವರ್ಷ ಆದ್ರೂ ಕಟ್ಟಂಗಿಲ್ಲ."

ಹೊಸ ಸಾಮಾನಿಗೆ ಪೂಜೆ ಮಾಡದೆ ಓಡಿಸುವುದು ಮೇಸ್ತ್ರಿಯ ಪದ್ಧತಿಯಲ್ಲ. ಬುಷ್ಷು ಕೂತ ಕಬ್ಬಿಣದ ಗೂಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಒಂದು ದಾಸವಾಳ ಇಟ್ಟರು, ಕಾಯಿ ಒಡೆದರು. ಮಿಲ್ಲಿನಕ್ಕನ ಅತ್ತೆ ಬಾಗಿಲ ಹತ್ತಿರ ಕೋಲೂರಿ ನಿಂತು ಎಲ್ಲವನ್ನೂ ನೋಡಿದರು, ಕೈ ಮುಗಿದರು. ನಾನು ಅದನ್ನು ನೋಡಿದೆ. ನೋಡಿಯೂ ಏನನ್ನೂ ಬರೆದುಕೊಳ್ಳಲಿಲ್ಲ.

ಆ ದಿನ ಸಂಜೆಯವರೆಗೆ ಮಿಲ್ಲು ಓಡಿತು. ಮಿಲ್ಲಿನಕ್ಕ ತಮ್ಮ ಮನೆಯದೇ ಎರಡು ಮೂಟೆ ಭತ್ತ ಹಾಕಿಸಿದರು. ಬಂದ ಅಕ್ಕಿಯನ್ನು ಮೊರದಲ್ಲಿ ಹರಡಿ, ಬೆಳಕಿಗೆ ಹಿಡಿದು, ಮೂಸಿ ನೋಡಿದರು. ನಾನೂ ಮೂಸಿದೆ. ಅಕ್ಕಿಯ ವಾಸನೆ. ಆಸ್ಪತ್ರೆ ಎಲ್ಲೂ ಇಲ್ಲ.

"ಕುಪ್ಪಗಡ್ಡೆ ಗೌಡ್ರಿಗೆ ಹೇಳಿ ಕಳಿಸಿದೀನಿ" ಎಂದರು ಅವರು. "ನಾಳೆ ಬೆಳಿಗ್ಗೆ ಒಂದೇ ಒಂದು ಗಾಡಿ ತನ್ನಿ, ಚುಕ್ಕಿ ಕಂಡ್ರೆ ಅಷ್ಟೂ ಅಕ್ಕಿ ನಾನೇ ಇಟ್ಕೊಂಡು ನಮ್ಮನೇದು ಕೊಡ್ತೀನಿ ಅಂತ. ಅವ್ರು ಕೆಡಿಸಿದ ಹೆಸರು ಅವ್ರ ಬಾಯಿಂದ್ಲೇ ಸರಿ ಆಗ್ಬೇಕು."

ಹೊರಡುವ ಮುಂಚೆ ಎಂಜಿನ್ನು ನಿಲ್ಲಿಸಿ, ಗಡಿಗೆಯ ತೂತಿಗೆ ಬಟ್ಟೆ ತುರುಕಿ ತೋರಿಸಿದೆ. ಎಂಜಿನ್ನು ನಿಂತರೆ ನೀರು ನಿಲ್ಲಬೇಕು, ಎಂಜಿನ್ನು ಶುರುವಾದರೆ ನೀರು ಶುರುವಾಗಬೇಕು. ಮಿಲ್ಲಿನಕ್ಕ ತಲೆಯಾಡಿಸಿದರು. ಮಿಲ್ಲಿನ ಕೆಲಸದವನೂ ತಲೆಯಾಡಿಸಿದ. ನನಗೆ ಶಿಕಾರಿಪುರಕ್ಕೆ ವಾಪಸು ಹೋಗಲು ಧೈರ್ಯವಾಗದೆ, ಮೇಸ್ತ್ರಿಯ ನೆಂಟರ ಮನೆಯಲ್ಲಿ ಇಬ್ಬರೂ ಉಳಿದೆವು.

ಬೆಳಿಗ್ಗೆ ನಾವು ಬರುವಷ್ಟರಲ್ಲಿ ಗೌಡರ ಗಾಡಿ ಅಂಗಳದಲ್ಲಿತ್ತು. ಗೌಡರೇ ಜತೆಗೆ ಬಂದಿದ್ದರು: ಎತ್ತರದ ಆಳು, ಹೆಗಲ ಮೇಲೆ ಬಿಳೀ ಟವೆಲ್ಲು, ಬಾಯಲ್ಲಿ ಎಲೆ ಅಡಿಕೆ. ತಮಾಷೆ ನೋಡಲು ಬಂದ ಇನ್ನೂ ನಾಲ್ಕಾರು ಜನ ಕಟ್ಟೆಯ ಮೇಲೆ ಕೂತಿದ್ದರು. ಕೆಲಸದವನು ಎಂಜಿನ್ನು ಶುರು ಮಾಡಿದ. ಡಬ್ ಡಬ್ ಸದ್ದು ಹದಕ್ಕೆ ಬಂದ ಮೇಲೆ ಬೆಲ್ಟನ್ನು ಶಾಫ್ಟಿನ ಗಾಲಿಗೆ ಸರಿಸಿದ. ಬೆಲ್ಟು ಕೀರಿತು. ಶಾಫ್ಟು ತಿರುಗಲಿಲ್ಲ. ಮತ್ತೊಮ್ಮೆ ಸರಿಸಿದ. ಹಂದಿಯನ್ನು ಹಿಡಿದಂತೆ ಕೀರಿ ಬೆಲ್ಟು ಕಳಚಿ ಕೆಳಗೆ ಬಿತ್ತು.

"ಎಣ್ಣೆ ಮಿಲ್ಲು ಹೋಗಿ ಸಂಗೀತದ ಮಿಲ್ಲು ಆಯ್ತಲ್ರಾ" ಎಂದರು ಗೌಡರು. ಕಟ್ಟೆಯ ಮೇಲಿನವರು ನಕ್ಕರು. ಮಿಲ್ಲಿನಕ್ಕ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಗಾಡಿಯ ಎತ್ತುಗಳನ್ನೇ ನೋಡುತ್ತಿದ್ದರು. ಯಾವ ಕ್ಷಣಕ್ಕೆ ನೊಗ ಹೊರುತ್ತವೋ ಎಂಬಂತೆ.

ಆ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ಮುಜುಗರ. ಜೇಬಿನಿಂದ ಪುಸ್ತಕ ತೆಗೆದು ಮೊದಲ ಹಾಳೆಯಿಂದ ಓದತೊಡಗಿದೆ. ಪದರ ಬಿಚ್ಚುವುದು: ಅಲ್ಲ. ಹೊಗೆ: ಇಲ್ಲ. ತುಕ್ಕು: ಒಂದೇ ದಿನಕ್ಕೆ ಹೇಗೆ? ಗಡಿಗೆಯ ಹಗ್ಗ ಇಲಿ ಕಡಿಯುವುದು, ನಿನ್ನೆ ರಾತ್ರಿ ಸೇರಿಸಿದ್ದು: ಹಗ್ಗ ಗಟ್ಟಿಯಾಗಿದೆ. ಇಷ್ಟೆಲ್ಲ ಬರೆದಿದ್ದೆನಲ್ಲ, ಒಂದಾದರೂ ಹೊಂದಬೇಡವೆ?

ಅಷ್ಟರಲ್ಲಿ ಮೇಸ್ತ್ರಿ ಏಣಿ ಹತ್ತಿ ಬುಷ್ಷಿನ ಮೇಲೆ ಬೆರಳಿಟ್ಟಿದ್ದರು. "ಸರ, ನೀರು ಹನೀತಾನ ಐತ್ರಿ." ಗಡಿಗೆಯಲ್ಲಿ ಕೈ ಅದ್ದಿದರು. "ಕಂಠದ ಮಟ ತುಂಬೇತಿ."

ನಾನು ತುರುಕಿದ್ದ ಬಟ್ಟೆ ತೂತಿನಲ್ಲಿರಲಿಲ್ಲ. ಗೂಡಿನ ಮೇಲೆ ನಿನ್ನೆಯ ದಾಸವಾಳದ ಬದಲು ಹೊಸ ದಾಸವಾಳ, ಜತೆಗೆ ಎರಡು ಬಿಲ್ವದೆಲೆ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಜ್ಜಿ ತುಂಬಿದ ತಂಬಿಗೆ ಹಿಡಿದುಕೊಂಡೇ ಬರುತ್ತಿದ್ದರು.

"ಅತ್ತೆ, ಆ ಬಟ್ಟೆ ನೀವು ತೆಗೆದ್ರಾ?"

"ಹೌದೇ. ಯಾರೋ ಬುದ್ಧಿ ಇಲ್ದೋರು ಧಾರೆ ಬಾಯಿಗೆ ಹಳೇ ಬಟ್ಟೆ ತುರುಕಿ ಹೋಗಿದ್ರು. ದೀಪ ಹಚ್ಚುವಾಗ ನೋಡ್ದೆ. ತೆಗೆದು ನೀರು ತುಂಬಿದೆ. ಬೆಳಿಗ್ಗೆ ಎದ್ದು ಮತ್ತೆ ತುಂಬಿದೆ. ಕಟ್ಟಿದ್ ಮೇಲೆ ನಿಲ್ಲಿಸ್ತಾರನೇ ಧಾರೆನ?"

ಬುದ್ಧಿಯಿಲ್ಲದವನು ಪುಸ್ತಕವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ರಾಳ ಎಷ್ಟೇ ಇಳಿದರೂ ಒಳಗಿರುವುದು ಹತ್ತಿಯೇ. ತಿರುಗುವಾಗ ಬಿದ್ದ ನೀರು ಸಿಡಿದು ಹೋಗುತ್ತಿತ್ತು. ನಿಂತ ಶಾಫ್ಟಿನ ಮೇಲೆ ಒಂದೇ ಸಮ ಬಿದ್ದದ್ದನ್ನು ಬುಷ್ಷು ಕುಡಿದಿತ್ತು. ಕುಡಿದು ಉಬ್ಬಿತ್ತು. ನಾನು ಬಿಟ್ಟಿದ್ದ ಕೂದಲೆಳೆಯಷ್ಟು ಜಾಗವನ್ನು ತುಂಬಿಕೊಂಡು ಶಾಫ್ಟನ್ನು ತಬ್ಬಿ ಹಿಡಿದಿತ್ತು.

ಇದನ್ನು ನಾನು ಗೌಡರಿಗೆ ಹೇಳಲೇಬೇಕಾಯಿತು. ಅವರು ಎಲೆ ಅಡಿಕೆ ಉಗುಳಿ ಬಂದು, ಸಮಾಧಾನವಾಗಿ ಕೇಳಿದರು.

"ಅಲ್ಲ ಮಾರಾಯ್ರೆ, ಮಳೆಗಾಲದಲ್ಲಿ ಮನೆ ಬಾಗ್ಲು ಉಬ್ಬಿ ಮುಚ್ಚಕ್ಕೆ ಬರದಿಲ್ವಲ್ಲ, ಅದೇ ತಾನೆ ಇದು? ಇದ್ನ ಓದಕ್ಕೆ ಯಾವೂರಿಗೆ ಹೋಗಿದ್ರಿ?"

"ಬೆಂಗಳೂರಿಗೆ."

"ಅಲ್ಲಿ ಮಳೆ ಕಡಿಮೆ ಬಿಡಿ" ಎಂದು ಅವರೇ ನನಗೊಂದು ದಾರಿ ಮಾಡಿಕೊಟ್ಟರು. ಆಮೇಲೆ ಮಿಲ್ಲಿನಕ್ಕನ ಕಡೆ ತಿರುಗಿ, "ಎಷ್ಟೊತ್ತು ಆಗ್ತದೆ?" ಎಂದರು.

ಉತ್ತರ ಕೊಟ್ಟದ್ದು ಮೇಸ್ತ್ರಿ. "ಇನ್ನೊಂದು ಎಲಿ ಹಾಕ್ಕೊಳ್ರಿ ಗೌಡ್ರ. ಅದು ಮುಗಿಯೂದ್ರಾಗ ಆಕೈತಿ."

ಗೌಡರು ಅಜ್ಜಿಯ ಕಡೆ ನೋಡಿದರು. ಅಜ್ಜಿ ತಂಬಿಗೆ ಕೆಳಗಿಟ್ಟಿರಲಿಲ್ಲ. "ಆಗ್ಲಿ. ಎಂಜಿನ್ ಕೆಟ್ಟಿದ್ರೆ ಹೋಗ್ತಿದ್ದೆ. ಅಮ್ಮ ನೀರು ಹಾಕಿದ್ದಕ್ಕೆ ನಿಂತಿದ್ದು ಅಂದ್ರೆ ಹೆಂಗೆ ಹೋಗದು" ಎಂದು ಕಟ್ಟೆಯ ಮೇಲೆ ಕೂತು ಸಂಚಿ ಬಿಚ್ಚಿದರು. ಮಿಲ್ಲಿನಕ್ಕ ಮೊದಲ ಸಲ ಎತ್ತುಗಳ ಮೇಲಿನ ಕಣ್ಣು ತೆಗೆದರು.

ಮೇಸ್ತ್ರಿ ಗೂಡಿನ ಮುಚ್ಚಳ ಬಿಚ್ಚಿ, ಎರಡೂ ಹೋಳು ತೆಗೆದು, ಒಳಮೈಯನ್ನು ಅರದಿಂದಲ್ಲ, ಗಾಜಿನ ಚೂರಿನಿಂದ ಹೆರೆದರು. ತೆಂಗಿನ ತುರಿಯಂಥ ಪುಡಿ ನನ್ನ ಅಂಗೈಗೆ ಬಿತ್ತು, ಒಂದು ಚಿಟಿಕೆಯಷ್ಟು. ಅದರಲ್ಲಿ ನಮ್ಮ ಮಡಿವಾಳರ ನೀಲಿಯೂ ಇತ್ತು. ಮತ್ತೆ ಕೂರಿಸಿದರು. ಬೆಲ್ಟು ಸರಿಸಿದಾಗ ನಾನು ಕಣ್ಣು ಮುಚ್ಚಿದ್ದೆ, ಹಾಗಾಗಿ ಶಾಫ್ಟು ತಿರುಗಿದ್ದು ನನಗೆ ಗೊತ್ತಾದದ್ದು ಸದ್ದಿನಿಂದ. ನಿನ್ನೆಗಿಂತ ಮೆತ್ತಗಿನ ಸದ್ದು. ನಿನ್ನೆ ಒಂದು ಸಣ್ಣ ಗುಡುಗುಡು ಇತ್ತು, ಇವತ್ತು ಅದೂ ಇರಲಿಲ್ಲ. ಉಬ್ಬುವಷ್ಟು ಉಬ್ಬಿ ಮುಗಿದ ಮೇಲೆ ಹೆರೆದ ಬುಷ್ಷು ಶಾಫ್ಟಿಗೆ ಹೇಳಿ ಮಾಡಿಸಿದಂತೆ ಕೂತಿತ್ತು.

ಗೌಡರು ಮೊದಲ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಅಂಗಳಕ್ಕೆ ತಂದರು. ಹೆಗಲಿನ ಬಿಳೀ ಟವೆಲ್ಲು ಹಾಸಿ, ಅದರ ಮೇಲೆ ಅಕ್ಕಿ ಸುರಿದು, ಅಂಗೈಯಿಂದ ಚೆನ್ನಾಗಿ ಉಜ್ಜಿದರು. ಕಟ್ಟೆಯ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಟವೆಲ್ಲು ಕೊಡವಿ, ಬಿಸಿಲಿಗೆ ಹಿಡಿದರು. ತೌಡಿನ ಧೂಳು ಬಿಟ್ಟರೆ ಏನಿಲ್ಲ.

"ಮನೇಲಿ ಇನ್ನೂ ಮೂರು ಗಾಡಿ ಇದೆ ತಂಗಿ" ಎಂದರು. "ನಾಳೆಯಿಂದ ಒಂದೊಂದೇ ತರ್ತೀನಿ. ಕಡುಬಿಂದು ಮರೆತುಬಿಡು."

ಮಿಲ್ಲಿನಕ್ಕ "ಹೂಂ" ಎಂದರು, ಒಳಗೆ ಹೋದರು. ಬಂದಾಗ ಎಲ್ಲರಿಗೂ ಬೆಲ್ಲದ ಕಾಫಿ ತಂದಿದ್ದರು. ಎಂಜಿನ್ನು ಮಾರುವ ಮಾತು ಆ ಮೇಲೆ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಅಂದಿನಿಂದ ನಮ್ಮ ಷೆಡ್ಡಿನಲ್ಲಿ ಪ್ರತಿಯೊಂದು ಬುಷ್ಷನ್ನೂ ಮೊದಲು ನೀರಿನಲ್ಲಿ ಮುಳುಗಿಸಿಟ್ಟು, ಉಬ್ಬಿದ ಮೇಲೆ ಅಳತೆಗೆ ಕೊರೆಯುವುದು ರೂಢಿಯಾಯಿತು. ವರದಿಯಲ್ಲಿ ನಾನು ಇದನ್ನು ಬಹಳ ಗಂಭೀರವಾದ ಮಾತುಗಳಲ್ಲಿ ಬರೆದೆ. ತಂಬಿಗೆಯ ವಿಷಯ ಬರೆಯಲಿಲ್ಲ. ಇಷ್ಟು ವರ್ಷಗಳ ಮೇಲೆ ಆ ಕೆಲಸದ ಬಗ್ಗೆ ಯೋಚಿಸಿದರೆ, ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ, ಒಂದು ಕೂದಲೆಳೆಯಷ್ಟು ಉಬ್ಬು.

ಆ ದಿನ ಹೊರಡುವ ಮುಂಚೆ ಇನ್ನೊಂದು ಮಾತು ಬಾಕಿ ಇತ್ತು. ನೆನೆದ ಅಳತೆಗೆ ಹೆರೆದ ಬುಷ್ಷು ಇನ್ನು ಒಣಗಕೂಡದು. ಒಣಗಿದರೆ ಕುಗ್ಗಿ ಸಡಿಲವಾಗುತ್ತದೆ. ಹಗಲಾಗಲಿ, ರಾತ್ರಿಯಾಗಲಿ, ಎಂಜಿನ್ನು ಓಡಲಿ, ನಿಲ್ಲಲಿ, ನೀರು ಬೀಳುತ್ತಲೇ ಇರಬೇಕು. ಇದನ್ನು ಯಾರಿಗೆ ಹೇಳಬೇಕೋ ಅವರು ಬಾಗಿಲ ಹತ್ತಿರ ತಂಬಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಎಂತ ಮಾಡ್ಲಿ ತಮಾ, ಹಾಕ್ಲಾ ಬ್ಯಾಡ್ವಾ?"

"ಹಾಕಿ ಅಜ್ಜಿ" ಎಂದೆ. "ನಿಲ್ಲಿಸಬೇಡಿ."

"ಅದನ್ನೇ ಅಲ್ವನ ನಾನು ಹೇಳಿದ್ದು" ಎಂದು ಅವರು ಏಣಿಯ ಕಡೆ ಹೊರಟರು. ನಾನು ಓಡಿಹೋಗಿ ಏಣಿ ಹಿಡಿದುಕೊಂಡೆ.